ಮೆಣಸಿನಕಾಯಿ ಗೋದಾಮಿನ ಸುದ್ದಿ ಹೇಳುವ ಡಬ್ಬಿ

ಸಿಟ್ಟು ನನ್ನ ಹುಟ್ಟುಗುಣವಲ್ಲ, ಈ ನೌಕರಿ ಕೊಟ್ಟದ್ದು. ಕುಂದಗೋಳ ತಾಲೂಕಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಎಲೆಕ್ಟ್ರಿಕಲ್ ಉಸ್ತುವಾರಿ. ತಲೆ ಕೆಡಿಸುವಂಥದ್ದು ಒಂದಿಲ್ಲೊಂದು ಇಲ್ಲಿ ನಡೆಯುತ್ತಲೇ ಇರುತ್ತದೆ. ಒಳಗೆ ಕುಬಿಹಾಳ ಕಡೆಯ ರೈತರ ಒಣಮೆಣಸಿನಕಾಯಿ ಚೀಲಗಳಿವೆ. ಥಂಡಿ ತಪ್ಪಿದರೆ ಕಾಯಿ ಬಣ್ಣ ಬಿಡುತ್ತದೆ, ಅವರ ವರ್ಷದ ದುಡಿಮೆ ಹೋಗುತ್ತದೆ. ಒಳಗೆ ಥಂಡಿ ಎಷ್ಟಿದೆ, ಮಷಿನ್ ನಡೆದಿದೆಯೋ ನಿಂತಿದೆಯೋ ಎಂಬುದನ್ನು ಹುಬ್ಬಳ್ಳಿಯಲ್ಲಿರುವ ಗೋದಾಮಿನ ಮಾಲೀಕ ಸಾವಕಾರರ ಫೋನಿಗೆ ಕಳಿಸುವ ಡಬ್ಬಿಯೊಂದು ಬೇಕಾಗಿತ್ತು. ಈಗಿರುವುದನ್ನು ಜಗಳಾಡಿ ನಾನೇ ಆರಿಸಿದ್ದು, ಚೆನ್ನಾಗಿದೆ. ಅದಕ್ಕೂ ಮೊದಲು ಆರಿಸಲು ಎಲ್ಲರಿಗೂ ಬಾಯಿ ಇತ್ತು, ಕಿವಿ ಮಾತ್ರ ಯಾರಿಗೂ ಇರಲಿಲ್ಲ.

೧. ಜಗತ್ತಿನಲ್ಲಿ ಎಲ್ಲಿಂದ ಬೇಕಾದರೂ

ಮೊದಲು ಬಂದವನು ಬೆಂಗಳೂರಿನ ಸೇಲ್ಸ್‌ಮನ್. ಹುಬ್ಬಳ್ಳಿಯ ಹೋಟೆಲಿನಲ್ಲಿ ದೊಡ್ಡ ಟಿವಿ ಹಚ್ಚಿ, "ನಿಮ್ಮ ಮಷಿನ್ನನ್ನು ಜಗತ್ತಿನಲ್ಲಿ ಎಲ್ಲಿಂದ ಬೇಕಾದರೂ ನೋಡಬಹುದು" ಎಂದು ಸಾವಕಾರರನ್ನು ಮರುಳು ಮಾಡಿದ.

ನಾನು ಕೇಳಿದ್ದು ಒಂದೇ. "ಇದರಾಗ ಯಾವ ಸಿಮ್ ಐತ್ರಿ? ನಮ್ಮಲ್ಲಿ ಒಂದ ಕಂಪನಿ ನೆಟ್‌ವರ್ಕ್ ಸಿಗತೈತಿ."

"ಸಿಮ್ ಒಳಗೇ ಕೂರಿಸಿದೆ ಮೇಡಂ. ಬದಲಾಯಿಸೋ ತಲೆನೋವೇ ಇಲ್ಲ."

ತಲೆನೋವು ಅದೇ ಅಲ್ಲವೇ! ಗೋದಾಮಿಗೆ ತಂದು ಹಚ್ಚಿದ. ಫೋನಿನ ಪರದೆ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಡಬ್ಬಿ ಹಿಡಿದುಕೊಂಡು ಗೇಟಿಗೆ ಹೋದ, ನೀರಿನ ಟಾಕಿ ಬಳಿ ಹೋದ, ಕಡೆಗೆ ಏಣಿ ಹಾಕಿಕೊಂಡು ಕಟ್ಟಡದ ನೆತ್ತಿಗೇ ಏರಿದ. ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದು, "ಮೇಡಂ, ಬಂತು! ಇಲ್ಲಿ ಬರುತ್ತೆ!" ಎಂದು ಕುಣಿದ.

"ಹಂಗಾರ ಕೆಳಗ ಇಳೀಬ್ಯಾಡ್ರಿ" ಅಂದೆ. "ಅಲ್ಲೇ ನಿಂದರ್ರಿ. ಊಟ ಮ್ಯಾಲೇ ಕಳಸ್ತೀನಿ."

೨. ಭಾರ ಇದ್ದದ್ದು

ಎರಡನೆಯದನ್ನು ಸಾವಕಾರರೇ ಆರಿಸಿದರು. ಸಿಮ್ ನಮ್ಮ ಕಡೆ ಹತ್ತುವುದನ್ನೇ ಹಾಕಿಸಿದೆವು, ಅಷ್ಟು ಪುಣ್ಯ. ಆದರೆ ಆರಿಸಿದ ರೀತಿ ನೋಡಬೇಕಿತ್ತು. ಎರಡು ಡಬ್ಬಿಗಳನ್ನು ಎರಡು ಕೈಯಲ್ಲಿ ಹಿಡಿದು ಬದನೆಕಾಯಿಯಂತೆ ತೂಗಿದರು.

"ಇದು ಹಗರ ಐತಿ ತಂಗಿ. ಭಾರ ಇದ್ದದ್ದ ಗಟ್ಟಿ ಮಾಲು."

"ಸಾವಕಾರ್ರ, ಹಗರ ಇದ್ದದ್ದಕ್ಕ ಆಂಟೆನಾ ಹೊರಗ ಹಾಕಾಕ ಉದ್ದ ವಾಯರ್ ಐತ್ರಿ."

"ವಾಯರ್ ಇಲಿ ಕಡೀತಾವ ಬಿಡ."

ಡಬ್ಬಿ ಕರೆಂಟಿನ ಪ್ಯಾನಲ್ಲಿನೊಳಗೆ ಕೂತಿತು. ಪ್ಯಾನಲ್ಲೋ ದಪ್ಪ ತಗಡಿನದು. ಬಾಗಿಲು ಹಾಕಿದರೆ ಸಿಗ್ನಲ್ ಬಂದ್, ತೆಗೆದರೆ ಚಾಲೂ. ಕಂಪನಿಗೆ ಫೋನ್ ಹಚ್ಚಿದರೆ, "ಬಾಗಿಲು ತೆಗೆದೇ ಇಡಿ ಮೇಡಂ" ಎಂಬ ಉಪದೇಶ. ಒಳಗೆ ಹರಿಯುವುದು ಕರೆಂಟೋ ಮಜ್ಜಿಗೆಯೋ ಅಂತ ಬಾಯಿಗೆ ಬಂದಂತೆ ಬೈದೆ, ಬೇರೆ ದಾರಿಯಿಲ್ಲದೆ ಬಾಗಿಲು ತೆಗೆದೇ ಇಟ್ಟೆ.

ಸಾವಕಾರರು ಬಂದರು. "ಯಾರರ ಕೈ ಹಾಕಿ ಸತ್ರ?" ಎಂದು ನನ್ನನ್ನೇ ಬೈದು, ಬಾಗಿಲು ಧಡ್ಡನೆ ಹಾಕಿ ಹೋದರು. ಹುಬ್ಬಳ್ಳಿ ಮುಟ್ಟುವ ಮೊದಲೇ ಅವರ ಫೋನು. "ಡಾಟಾ ಬರವಲ್ದು!"

"ಬಾಗಲಾ ನೀವ ಹಾಕಿ ಹೋದ್ರಿ."

"ತಗಿ ಹಂಗಾರ!"

ಮರುವಾರ ಬಂದು ಮತ್ತೆ ಬೈದರು, ಮತ್ತೆ ಹಾಕಿದರು. ನಾನು ಹಲ್ಲು ಕಡಿಯುತ್ತ ನಿಂತಿದ್ದಾಗ ವಾಚ್‌ಮನ್ ಕಾಕಾ ಮೆಲ್ಲಗೆ ಬಂದ. "ಅಕ್ಕಾರ, ಪರದೆ ಕಟ್ಟೂಣೇನ್ರಿ? ಸಾವಕಾರ್ರಿಗೆ ಬಾಗಲಾ ಹಾಕಿದಂಗ, ಡಬ್ಬಿಗೆ ತಗದಂಗ."

೩. ನಾಲ್ಕು ಡಿಗ್ರಿ

ಆ ಭಾರವೆಲ್ಲ ಬರೀ ಕಬ್ಬಿಣದ್ದೆಂದು ಬೇಸಿಗೆಯಲ್ಲಿ ತಿಳಿಯಿತು. ಒಳಗೆ ಬ್ಯಾಟರಿಯೇ ಇರಲಿಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಕಂಪ್ರೆಸರ್ ನಿಂತಿತು, ಜೊತೆಗೆ ಡಬ್ಬಿಯೂ ಸತ್ತಿತು. ಜನರೇಟರ್ ಹಚ್ಚಲು ಸಾವಕಾರರು ಹೂಂ ಅನ್ನಬೇಕು. ಡೀಸೆಲ್ ವಿಷಯದಲ್ಲಿ ಅವರು ಯಾರನ್ನೂ ನಂಬುವವರಲ್ಲ.

"ಸಾವಕಾರ್ರ, ಕರೆಂಟ್ ಹೋಗೈತ್ರಿ. ಒಳಗ ಏಳು ಡಿಗ್ರಿ ಆಗೇತಿ."

"ಎಲ್ಲಿ ಏಳು? ನನ್ನ ಫೋನಿನ್ಯಾಗ ನಾಲ್ಕ ಐತಿ. ಹಸರು ಲೈಟು ಹತ್ತೈತಿ."

"ಅದು ಕರೆಂಟ್ ಹೋಗೂಕಿಂತ ಮೊದಲಿಂದ್ರಿ!"

"ನಿನ್ನ ಥರ್ಮಾಮೀಟರ್ ಕೆಟ್ಟಿರಬೇಕು ತಂಗಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿದೆ. "ಹತ್ತ ಆತ್ರಿ!"

"ಅಗದಿ ನಾಲ್ಕ ಐತಿ. ಸುಮ್ನ ಡೀಸೆಲ್ ಸುಡಬ್ಯಾಡ."

ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಒಳಗಿರುವುದು ಯಾರ ಯಾರ ಮನೆಯ ಮೆಣಸಿನಕಾಯಿಯೋ! ನೌಕರಿ ಹೋದರೆ ಹೋಗಲಿ ಎಂದು ಶೆಡ್ಡಿಗೆ ನಡೆದೆ, ಜನರೇಟರ್ ಹಚ್ಚಿಯೇಬಿಟ್ಟೆ. ಕಂಪ್ರೆಸರ್ ಗುಡುಗಿ ಎದ್ದಿತು. ಡಿಗ್ರಿ ಇಳಿಯತೊಡಗಿತು, ಮಾಲು ಉಳಿಯಿತು.

ಜನರೇಟರಿನ ಕರೆಂಟ್ ಕುಡಿದು ಡಬ್ಬಿಗೂ ಜೀವ ಬಂತು. ಜೀವ ಬಂದ ಕೂಡಲೇ ಅದು ಮಾಡಿದ ಮೊದಲ ಕೆಲಸ, ಸಾಯುವಾಗ ಹೇಳಲಾಗದ ಮಾತನ್ನು ಸಾವಕಾರರಿಗೆ ಕಳಿಸಿದ್ದು. ನನ್ನ ಫೋನು ಬಡಿದುಕೊಂಡಿತು.

"ತಂಗೀ! ಕರೆಂಟ್ ಹೋಗೈತಂತ ಈಗ ಮೆಸೇಜ್ ಬಂತು! ಏನ್ ಮಾಡಾಕತ್ತೀ ಅಲ್ಲಿ? ಲಗೂನ ಜನರೇಟರ್ ಹಚ್ಚು!"

ಫೋನನ್ನು ಒಯ್ದು ಜನರೇಟರಿನ ಬಾಯಿಗೇ ಹಿಡಿದೆ.

"ಏನೂ ಕೇಳವಲ್ದು!" ಸಾವಕಾರರು ಆ ಕಡೆಯಿಂದ ಒದರಿದರು. "ಏನದು ಗದ್ದಲ? ಮೊದಲ ಅದನ್ನ ಬಂದ್ ಮಾಡು, ಆಮ್ಯಾಲೆ ಜನರೇಟರ್ ಹಚ್ಚು!"