ಜಾಬ್ ಕದಲಬಾರದು

ಶಿವಮೊಗ್ಗದಲ್ಲಿ ಮೂರು ಆಸ್ಪತ್ರೆಗಳ ಕಾವಲುಗಾರರು ನನ್ನ ಸೋದರಮಾವನ ಮುಖ ಕಂಡ ತಕ್ಷಣ ಗೇಟು ಹಾಕಿಕೊಳ್ಳುತ್ತಿದ್ದರು. ಊರಿನ ಕಳ್ಳರಿಗೂ ಇಂಥ ಮರ್ಯಾದೆ ಸಿಕ್ಕಿರಲಾರದು! ಮಾವ ಅಲ್ಲಿ ಕದ್ದದ್ದೇನೂ ಇಲ್ಲ. ಎಕ್ಸ್‌ರೇ ಕೋಣೆಯಿಂದ ಆಪರೇಷನ್ ಥಿಯೇಟರಿಗೆ ಎಷ್ಟು ದೂರ ಎಂದು ಟೇಪು ಹಿಡಿದು, ವರಾಂಡದಲ್ಲಿ ಕುಕ್ಕರಗಾಲಲ್ಲಿ ಕೂತು ಅಳೆಯುತ್ತಿದ್ದರು, ಅಷ್ಟೇ. ಯಾರಾದರೂ "ಯಾರ್ರೀ ನೀವು? ಇಲ್ಲೇನ್ ಮಾಡ್ತಿದ್ದೀರಿ?" ಎಂದರೆ, "ನಾನು ಯಾರಾದ್ರೆ ನಿಮಗೇನ್ರೀ? ನೂರಾ ಹತ್ತು ಅಡಿ ಇದೆ, ಮಧ್ಯೆ ಎರಡು ಮೆಟ್ಲು ಬೇರೆ. ನಾಚಿಕೆ ಆಗಲ್ವಾ ನಿಮಗೆ?" ಎಂದು ಅವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಗೇಟಿನ ಆಚೆ ನಿಂತು ಲೆಕ್ಕ ಬರೆದುಕೊಂಡು ಮುಂದಿನ ಆಸ್ಪತ್ರೆಗೆ ಹೋಗುತ್ತಿದ್ದರು.

ಮಾವ ನನ್ನ ಅಮ್ಮನ ತಮ್ಮ. ಭದ್ರಾವತಿಯ ಕಾರ್ಖಾನೆಯೊಂದರ ಮೆಷಿನ್ ಶಾಪಿನಲ್ಲಿ ಫೋರ್‌ಮನ್ ಆಗಿ ತಲೆ ನರೆಸಿಕೊಂಡವರು. ಅಲ್ಲಿ ಕೊರೆಯಬೇಕಾದ, ಉಜ್ಜಬೇಕಾದ ಕಬ್ಬಿಣದ ತುಂಡಿಗೆ 'ಜಾಬ್' ಎನ್ನುತ್ತಾರೆ. ಸಣ್ಣ ಜಾಬನ್ನು ಮೆಷಿನ್ನಿನ ಹತ್ತಿರ ಒಯ್ಯುತ್ತಾರೆ. ಟನ್ನುಗಟ್ಟಲೆ ತೂಗುವ ಜಾಬಾದರೆ ಕ್ರೇನಿನಲ್ಲಿ ಒಂದು ಸಲ ತಂದು ಇಳಿಸಿದರೆ ಮುಗಿಯಿತು, ಆಮೇಲೆ ಅದನ್ನು ಯಾರೂ ಅಲುಗಿಸುವಂತಿಲ್ಲ. ಡ್ರಿಲ್ಲಿಂಗ್ ಮೆಷಿನ್ನೇ ಅದರ ಹತ್ತಿರ ಬರಬೇಕು. "ಎತ್ತಿದಾಗೆಲ್ಲ ಒಂದೊಂದು ನೂಲು ಅಳತೆ ತಪ್ಪುತ್ತೆ ಮಾರಾಯ್ತಿ. ಜಾಬ್ ಕದಲಬಾರದು" ಎನ್ನುತ್ತಿದ್ದರು. ಸರಿ, ಕಾರ್ಖಾನೆಯಲ್ಲಿ ಹಾಗೇ ಇರಲಿ, ಬೇಡ ಎಂದವರಾರು? ಈ ಮಹಾನುಭಾವರು ಅದನ್ನು ಮನೆಗೂ ತಂದರಲ್ಲ!

ಅತ್ತೆಗೆ ಮಂಡಿ ನೋವು. ಆದ್ದರಿಂದ ಅತ್ತೆ ಕೂತಲ್ಲೇ ಕೂತಿರಬೇಕು, ಅಡುಗೆಮನೆಯೇ ಅವರ ಹತ್ತಿರ ಬರಬೇಕು ಎಂದು ತೀರ್ಮಾನವಾಯಿತು. ಎಲ್ಲಿಂದಲೋ ಹಳೇ ಬೇರಿಂಗುಗಳನ್ನು ತಂದು ಪಾತ್ರೆ ಸ್ಟ್ಯಾಂಡಿಗೆ, ಅಕ್ಕಿ ಡಬ್ಬಕ್ಕೆ, ಕೊನೆಗೆ ಹಿಟ್ಟು ರುಬ್ಬುವ ಗ್ರೈಂಡರಿಗೂ ಗಾಲಿ ಹಾಕಿದರು. ಗ್ರೈಂಡರಿಗೆ ಗಾಲಿ ಹಾಕಿದರೆ ಏನಾಗುತ್ತದೆ? ಸ್ವಿಚ್ ಒತ್ತಿದ ಕೂಡಲೇ ಗಡಗಡ ನಡುಗುತ್ತಾ ತನ್ನ ಪಾಡಿಗೆ ತಾನು ಹೊರಟುಬಿಡುತ್ತದೆ! ನನ್ನನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಮಾವನ ಮನೆಗೇ. ಎಲ್ಲರೂ ಹುಡುಗಿ ಬರುತ್ತಾಳೆಂದು ಬಾಗಿಲ ಕಡೆ ಕಣ್ಣು ನೆಟ್ಟು ಕೂತಿದ್ದಾಗ, ಉದ್ದಿನ ಹಿಟ್ಟು ಚಿಮ್ಮಿಸುತ್ತಾ ಮೊದಲು ಒಳಗೆ ಬಂದದ್ದು ಗ್ರೈಂಡರ್. ಅದರ ಹಿಂದೆ ಕುಂಟುತ್ತಾ, ಮಾವನಿಗೆ ಶಾಪ ಹಾಕುತ್ತಾ ಅತ್ತೆ. "ನಾನು ಒಪ್ಪಿದ್ದು ಗ್ರೈಂಡರನ್ನ, ನೀನು ಅದರ ಜೊತೆ ಬಂದೋಳು" ಎಂದು ಮದುವೆಯಾದ ಮೇಲೆ ನಮ್ಮೆಜಮಾನರು ನನ್ನನ್ನು ರೇಗಿಸುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅವತ್ತು ನಾನು ಉಟ್ಟದ್ದು ಹೊಸ ಸೀರೆ.

ಇನ್ನೊಂದು ಸಲ, ಒಂದು ಕಚೇರಿಯಲ್ಲಿ ಮಾವನ ಕಾಗದಕ್ಕೆ ಐದು ಮೇಜಿನ ಸಹಿ ಬೇಕಿತ್ತು. ಮಾವ ಅದನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಇಟ್ಟು ಅಂಗೈ ಊರಿ ನಿಂತರು. "ಕಾಗದ ಇಲ್ಲಿಂದ ಏಳಲ್ಲ. ಸಹಿ ಹಾಕೋರು ಬನ್ನಿ" ಎಂದರು. ಹೊರಗೆ ದಬ್ಬುತ್ತಾರೆಂದು ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ಆಶ್ಚರ್ಯವೆಂದರೆ ಬಂದರು ಕಣ್ರೀ, ಐದೂ ಜನ, ಒಬ್ಬರ ಹಿಂದೆ ಒಬ್ಬರು! ಅವತ್ತಿನಿಂದ ಮಾವನನ್ನು ಹಿಡಿಯುವವರೇ ಇಲ್ಲವಾದರು.

ಇಷ್ಟಕ್ಕೇ ನಿಂತಿದ್ದರೆ ನಾನೂ ನಗುತ್ತಾ ಮುಗಿಸಿಬಿಡುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಒಂದು ಬೆಳಿಗ್ಗೆ, ಹತ್ತು ಗಂಟೆಯಿರಬೇಕು, ನಮ್ಮೆಜಮಾನರ ಸ್ಕೂಟರ್ ಮಲವಗೊಪ್ಪದ ಹತ್ತಿರ ಬಸ್ಸಿಗೆ ದಾರಿ ಬಿಡಲು ಹೋಗಿ ಜಾರಿತು. ಹ್ಯಾಂಡಲ್ ಹೊಟ್ಟೆಗೆ ಬಡಿಯಿತು. ಮೈಮೇಲೆ ಒಂದು ತರಚು ಗಾಯವೂ ಇಲ್ಲ. ಯಾರೋ ಪುಣ್ಯಾತ್ಮರು ಆಟೋದಲ್ಲಿ ಹಾಕಿ ಶಿವಮೊಗ್ಗದ ಒಂದು ಆಸ್ಪತ್ರೆಗೆ ತಂದರು. ಮಾವ ಅವತ್ತು ಗಾಂಧಿ ಬಜಾರಿಗೆ ಬಂದವರು ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಸುದ್ದಿ ಬಂದದ್ದೇ ಇಬ್ಬರೂ ಓಡಿದೆವು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ ಮುಖ ಗಂಟಿಕ್ಕಿದರು. "ಒಳಗೆ ರಕ್ತ ಸೋರ್ತಿರಬಹುದು. ಎಕ್ಸ್‌ರೇ ಆಗಲಿ, ಸ್ಕ್ಯಾನ್ ಆಗಲಿ, ಆಮೇಲೆ ಆಪರೇಷನ್" ಎಂದರು. ಕೇಳುವುದಕ್ಕೆ ಎಷ್ಟು ಸುಲಭ! ಎಕ್ಸ್‌ರೇ ಇದ್ದದ್ದು ಹಿಂದಿನ ಕಟ್ಟಡದಲ್ಲಿ. ಸ್ಕ್ಯಾನ್ ಇದ್ದದ್ದು ಸವಳಂಗ ರಸ್ತೆಯಲ್ಲಿ. ಆಪರೇಷನ್ ಥಿಯೇಟರ್ ಇದ್ದದ್ದು ಮಹಡಿಯ ಮೇಲೆ. ಒಬ್ಬನೇ ಮನುಷ್ಯನ ಒಂದೇ ಹೊಟ್ಟೆಯನ್ನು ನೋಡಲು ಅರ್ಧ ಊರು ಸುತ್ತಿಸಬೇಕೇ? ಇವತ್ತು ನೆನೆಸಿಕೊಂಡರೂ ಮೈಯೆಲ್ಲ ಉರಿಯುತ್ತದೆ. ಒಬ್ಬ ತೋಳು ಹಿಡಿದ, ಒಬ್ಬ ಕಾಲು ಹಿಡಿದ, ಮೂಟೆ ಎತ್ತಿದ ಹಾಗೆ ಎತ್ತಿ ಸ್ಟ್ರೆಚರಿಗೆ ಹಾಕಿದರು. ಇವರು "ಅಮ್ಮಾ" ಎಂದು ನರಳಿದರು.

"ಎರಡಾಯ್ತು!" ಎಂದು ಮಾವ ಕಿರುಚಿದರು. "ಆಟೋದಿಂದ ಒಂದು, ಈಗ ಎರಡು. ಇನ್ನೊಂದ್ಸಲ ಜಾಬ್ ಮುಟ್ಟಿದ್ರೆ ನೋಡಿ!"

"ಜಾಬ್ ಅಲ್ಲ ಮಾವ, ನನ್ನ ಗಂಡ!" ಎಂದೆ ನಾನು.

ಅಷ್ಟರಲ್ಲಿ ಅವರು ಅಲ್ಲಿರಲಿಲ್ಲ. ಆಸ್ಪತ್ರೆಯ ಹಿಂದೆ ಹೊಸ ಕಟ್ಟಡಕ್ಕೆ ತಾರಸಿ ಹಾಕುತ್ತಿದ್ದರು. ಅಲ್ಲಿಂದ ಒಂದು ಸೆಂಟ್ರಿಂಗ್ ಹಲಗೆ ಹೊತ್ತುಕೊಂಡು ಬಂದು, ಮೇಲೆ ಚಾಚಿದ್ದ ಮೊಳೆಗಳನ್ನು ಕಲ್ಲಿನಿಂದ ಬಡಿದು ಮಟ್ಟಮಾಡಿ, ಬೆಡ್‌ಶೀಟು ಹಾಸಿ, ಇವರನ್ನು ಮೆಲ್ಲಗೆ ಅದರ ಮೇಲೆ ಸರಿಸಿದರು. "ಇನ್ನು ಎತ್ತೋದು ಹಲಗೇನ, ಮನುಷ್ಯನ್ನಲ್ಲ. ಎಲ್ಲಾ ಕಡೆ ಹಲಗೆ ಸಮೇತ" ಎಂದು ಅಪ್ಪಣೆಯಾಯಿತು. ಎಕ್ಸ್‌ರೇ ತೆಗೆಯುವಾತ ಒಪ್ಪಲಿಲ್ಲ. "ಮರ ಎಕ್ಸ್‌ರೇನಲ್ಲಿ ಕಾಣಲ್ಲ ಕಣಯ್ಯಾ, ಹಾಗೇ ತೆಗಿ!" ಎಂದು ಮಾವ ಗದರಿದರು. ನಿಜ ಹೇಳಬೇಕೆಂದರೆ ಇವರ ನರಳಾಟ ಕಮ್ಮಿಯಾಗಿತ್ತು. ಮಾವ ಒಳ್ಳೇ ಕೆಲಸ ಮಾಡಿದರು ಎಂದು ಒಂದು ಗಳಿಗೆ ನನಗೂ ಅನ್ನಿಸಿತ್ತು.

ಆಗಿನ ಕಾಲದಲ್ಲಿ ಎಕ್ಸ್‌ರೇ ಫಿಲ್ಮ್ ಒಣಗಬೇಕಿತ್ತು. ಒಳಗೆ ಮನುಷ್ಯನ ರಕ್ತ ಸೋರುತ್ತಿದೆ, ಹೊರಗೆ ಅವನ ಪಟ ಕ್ಲಿಪ್ಪಿಗೆ ನೇತಾಡಿಕೊಂಡು ಆರಾಮವಾಗಿ ನೀರು ಇಳಿಸುತ್ತಿದೆ! ಮಾವ ಹಸಿ ಫಿಲ್ಮನ್ನೇ ಕಸಿದುಕೊಂಡು ಟೇಬಲ್ ಫ್ಯಾನಿನ ಮುಂದೆ ಹಿಡಿದು, ಹಾಗೇ ಡಾಕ್ಟರ ಹತ್ತಿರ ಓಡಿದರು. ಡಾಕ್ಟರು ಬೆಳಕಿಗೆ ಹಿಡಿದು ನೋಡಿ ಬೆಚ್ಚಿಬಿದ್ದರು.

"ಏನಮ್ಮಾ, ಇವರು ಮೊಳೆ ನುಂಗಿದ್ದಾರಾ?"

"ಬೆಳಿಗ್ಗೆ ಅವಲಕ್ಕಿ ತಿಂದಿದ್ದರು ಡಾಕ್ಟ್ರೇ" ಎಂದೆ.

"ಹೊಟ್ಟೇಲಿ ಮೂರು ಮೊಳೆ ಇದೆಯಲ್ಲ!"

ಮಾವನ ಮುಖದಲ್ಲಿ ರಕ್ತವಿರಲಿಲ್ಲ. "ಅದು... ಹಲಗೇದು ಸಾರ್" ಎಂದರು. ಮರ ಕಾಣುವುದಿಲ್ಲ, ಸರಿ. ಮರದೊಳಗೆ ಬಡಿದು ಕೂರಿಸಿದ ಮೊಳೆ ಕಾಣುತ್ತದಲ್ಲ! ಜೀವಮಾನವೆಲ್ಲ ಕಬ್ಬಿಣದ ಜೊತೆ ಕಳೆದ ಮನುಷ್ಯನಿಗೆ ಕಬ್ಬಿಣವೇ ಮರೆತುಹೋಗಿತ್ತು. ಮತ್ತೆ ಇವರನ್ನು ಹಲಗೆಯಿಂದ ಇಳಿಸಿದರು, ಮತ್ತೆ ಎಕ್ಸ್‌ರೇ, ಮತ್ತೆ ಒಣಗಿಸುವುದು. ಹದಿನೈದು ನಿಮಿಷ ಹೋಯಿತು. ಇವರ ತುಟಿ ಬಿಳಿಚಿಕೊಳ್ಳುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಹುಚ್ಚಿಗೆ ನನ್ನ ಗಂಡನ್ನ ಬಲಿ ಕೊಡ್ತೀರಾ? ಹೋಗಿ ಮಾವ, ಹೋಗಿ ಇಲ್ಲಿಂದ!" ಎಂದು ಎಲ್ಲರೆದುರು ಕೂಗಿದೆ. ಮಾವ ಹೋಗಲಿಲ್ಲ. ಸ್ಟ್ರೆಚರಿನ ಪಕ್ಕಕ್ಕೆ ಸರಿದು ನಿಂತರು.

ಮುಂದಿನದು ಕೇಳಿ. ಸವಳಂಗ ರಸ್ತೆಗೆ ಒಯ್ಯಬೇಕಾದ ವ್ಯಾನಿನ ಡ್ರೈವರ್ ಕಾಫಿಗೆ ಹೋಗಿದ್ದ. ಸ್ಕ್ಯಾನ್ ಮಾಡಿದ ಡಾಕ್ಟರು "ಗುಲ್ಮ, ಅದೇ ಸ್ಪ್ಲೀನ್, ಒಡೆದಿದೆ, ಹೊಟ್ಟೆ ತುಂಬಾ ರಕ್ತ, ಬೇಗ ಹೋಗಿ" ಎಂದು ಬಾಯಲ್ಲಿ ಹೇಳಿದರು. ಬಾಯಲ್ಲಿ ಹೇಳಿದರೆ ಸಾಕೇ? ರಿಪೋರ್ಟ್ ಬೇಕು! ರಿಪೋರ್ಟ್ ಟೈಪ್ ಆಗಬೇಕು! ಟೈಪಿಸ್ಟ್ ಊಟಕ್ಕೆ ಹೋಗಿದ್ದಳು! ಮಾವ ಒಂದು ಬಿಳಿ ಹಾಳೆ ಆ ಡಾಕ್ಟರ ಮುಂದಿಟ್ಟು ಅಂಗೈ ಊರಿ ನಿಂತರು. ಅವರು ಕೈಯಲ್ಲೇ ಬರೆದುಕೊಟ್ಟರು. ವಾಪಸು ಬಂದರೆ ಲಿಫ್ಟಿಗೆ ಸ್ಟ್ರೆಚರ್ ಹಿಡಿಯಲಿಲ್ಲ. ಮೆಟ್ಟಿಲ ಮೇಲೆ ತಲೆಯ ಕಡೆ ಇಬ್ಬರು ಹುಡುಗರು, ಕಾಲಿನ ಕಡೆ ಪೂರ್ತಿ ಭಾರ ಹೊತ್ತು ಅರವತ್ತು ದಾಟಿದ ಮಾವ.

ಇವರು ಬದುಕಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಏನು ಹೇಳುವುದಕ್ಕೂ ಆಗುತ್ತಿರಲಿಲ್ಲ ಎಂದರು ಡಾಕ್ಟರು. ಅರ್ಧ ಗಂಟೆ! ಅವತ್ತು ಬರೀ ಕಾಯುವುದರಲ್ಲಿ, ಎತ್ತಿ ಇಳಿಸುವುದರಲ್ಲಿ ನಾವು ಕಳೆದದ್ದು ಅದರ ಎಷ್ಟು ಪಟ್ಟೋ.

ಅದಾದ ಮೇಲೆಯೇ ಮಾವ ಟೇಪು ಹಿಡಿದು ಆಸ್ಪತ್ರೆಗಳಿಗೆ ಅಲೆಯಲು ಶುರುಮಾಡಿದ್ದು. ಗ್ರಾಫ್ ಹಾಳೆಯಲ್ಲಿ ಒಂದು ನಕ್ಷೆಯನ್ನೂ ಬರೆದರು. ಒಂದೇ ಕೋಣೆ. ನಡುವೆ ಒಂದು ಮೇಜು, ಅದು ಕದಲಬಾರದು. ಸ್ಕ್ಯಾನ್ ಮೆಷಿನ್ ಹಳಿಯ ಮೇಲೆ ಬಂದು ರೋಗಿಯನ್ನು ನೋಡಿ ಹಿಂದೆ ಸರಿಯಬೇಕು. ಡಾಕ್ಟರು ಅಲ್ಲೇ ಕೈ ತೊಳೆದುಕೊಂಡು ನಿಂತಿರಬೇಕು, ಅಲ್ಲೇ ಆಪರೇಷನ್. ತೋರಿಸಿದ ಕಡೆಯೆಲ್ಲ ನಕ್ಕರು. "ಕೋಟಿಗಟ್ಟಲೆ ಮೆಷಿನ್ನಿಗೆ ಗಾಲಿ ಹಾಕ್ತೀರಾ ಯಜಮಾನ್ರೇ?" ಎಂದು ಒಬ್ಬರು ಬೆನ್ನು ತಟ್ಟಿ ಕಳಿಸಿದರಂತೆ. ಪರದೇಶದಲ್ಲಿ ಅಪಘಾತದವರಿಗೆಂದು ಥೇಟ್ ಅಂಥದೇ ಕೋಣೆ ಕಟ್ಟಿದ್ದಾರೆಂದು ಈಚೆಗೆ ಪೇಪರಿನಲ್ಲಿ ಓದಿದೆ. ಬೆನ್ನು ತಟ್ಟಿದ ಆ ಮಹಾಶಯರು ಈಗ ಎಲ್ಲಿದ್ದಾರೋ!

ಗೇಟುಗಳೆಲ್ಲ ಮುಚ್ಚಿದ ಮೇಲೆ ಮಾವ ಸರ್ಕಾರಕ್ಕೇ ಅರ್ಜಿ ಬರೆಯಲು ಹೊರಟರು. ನನ್ನ ಅಕ್ಷರ ಚೆನ್ನಾಗಿದೆಯೆಂದು ನಮ್ಮ ಮನೆಗೆ ಬಂದರು. ಇವರು ಒಳಗೆ ಮಲಗಿದ್ದರು. ಮಾವ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.

"ತಡವಾಗಲು ಕಾರಣಗಳು. ಒಂದು, ಎಕ್ಸ್‌ರೇ ಬೇರೆ ಕಟ್ಟಡದಲ್ಲಿದ್ದದ್ದು. ಎರಡು, ಫಿಲ್ಮ್ ಒಣಗಲು ಕಾದದ್ದು. ಮೂರು, ಡ್ರೈವರ್ ಕಾಫಿಗೆ ಹೋದದ್ದು. ನಾಲ್ಕು, ಟೈಪಿಸ್ಟ್ ಊಟಕ್ಕೆ ಹೋದದ್ದು. ಐದು..." ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. "ಐದು, ರೋಗಿಯ ಮಾವ ಮೊಳೆ ಇದ್ದ ಹಲಗೆ ತಂದದ್ದು. ಹದಿನೈದು ನಿಮಿಷ."

"ಅದ್ಯಾಕೆ ಬರೀಬೇಕು ಮಾವ? ಯಾರ್ ಕೇಳ್ತಾರೆ ಅದನ್ನ?"

"ಬರಿ ಮಾರಾಯ್ತಿ. ಎಲ್ಲರ ತಪ್ಪೂ ಬರ್ದು ನಂದೊಂದು ಬಿಟ್ರೆ ಮೋಸ ಆಗುತ್ತೆ. ಆ ಹದಿನೈದು ನಿಮಿಷ ಅಳಿಯಂದ್ರು ನನ್ನ ಕೈ ಬಿಡಲಿಲ್ಲ ಕಣೇ. ನಾನೇ ತಡ ಮಾಡಿದೋನು ಅಂತ ಅವರಿಗೆ ಗೊತ್ತಿರಲಿಲ್ಲ. ಕೈ ತಣ್ಣಗಾಗ್ತಾ ಇತ್ತು."

ನಾನು ಪೆನ್ನು ಕೆಳಗಿಟ್ಟೆ. "ಮಾವ, ಅವತ್ತು ನಾನು ಅಂದ ಮಾತು..."

"ಯಾವ ಮಾತು? ಮೆಷಿನ್ ಶಾಪಲ್ಲಿದ್ದೋನ ಕಿವಿ, ನನಗೇನು ಕೇಳಿಸುತ್ತೆ? ನೀನು ಬರಿ."

ಐದನೆಯದನ್ನು ಅವರು ಹೇಳಿದ ಹಾಗೆಯೇ ಬರೆದೆ. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋಗುತ್ತಿದ್ದವು. ಅದರ ಕೆಳಗೆ, ಅವರನ್ನು ಕೇಳದೆ, ಇನ್ನೊಂದು ಸಾಲು ಸೇರಿಸಿದೆ: "ಆರು, ಜೊತೆಗೆ ನಿಂತಿದ್ದ ಒಬ್ಬರೇ ಒಬ್ಬರನ್ನು ರೋಗಿಯ ಹೆಂಡತಿ ಬೈದು ಅಟ್ಟಲು ಹೋದದ್ದು."