ನಮ್ಮ ಮನೆಯ ನೆಟ್ ಕೆಟ್ಟ ಮೂರು ದಿನ

ಕಂಪ್ಯೂಟರ್ ಬಲ್ಲವನೆಂದು ಊರಲ್ಲಿ ಹೆಸರು ಪಡೆಯಲು ಹೆಚ್ಚಿನದೇನೂ ಬೇಕಾಗಿಲ್ಲ. ನನಗೆ ಆ ಹೆಸರು ಬಂದದ್ದು ಒಂದು ಕಾಗದದ ಚೂರಿನಿಂದ. ನಾನು ಚಿತ್ತಾಪುರದ ಕೋರ್ಟಿನಲ್ಲಿ ನಕಲು ವಿಭಾಗದ ಗುಮಾಸ್ತ. ಕೆಲವು ವರ್ಷಗಳ ಹಿಂದೆ ಕಚೇರಿಯ ಪ್ರಿಂಟರ್ ಹಟ ಹಿಡಿದು ನಿಂತಿತ್ತು. ಎಲ್ಲರೂ ಅದರ ಸುತ್ತ ನಿಂತು ಒಬ್ಬರಿಗೊಬ್ಬರು ಸಲಹೆ ಕೊಡುತ್ತಿದ್ದಾಗ ನಾನು ಮುಚ್ಚಳ ತೆಗೆದು, ಒಳಗೆ ಸಿಕ್ಕಿಕೊಂಡಿದ್ದ ಚೂರನ್ನು ಎರಡು ಬೆರಳಲ್ಲಿ ಎಳೆದು ಹಾಕಿದೆ. ಯಂತ್ರ ಓಡಿತು. ಅಂದಿನಿಂದ ಯಾರ ಯಂತ್ರ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ನಾನು ಹೋಗಿ ಅದನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತೇನೆ. ಎಷ್ಟೋ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಹೋಗದಿದ್ದರೆ, ಇದು ಒಳಗಿನ ಪ್ರಾಬ್ಲಮ್ ಎಂದು ಗಂಭೀರವಾಗಿ ಹೇಳಿ, ಅವರು ಕೊಟ್ಟ ಚಹಾ ಕುಡಿದು ಬರುತ್ತೇನೆ. ಒಳಗೆ ಏನಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಇಂಥ ಹೆಸರು ಇರುವವನ ಮನೆಯ ಕಂಪ್ಯೂಟರನ್ನು ಬೇರೆಯವರು ಮುಟ್ಟಬಾರದು ಎಂಬುದು ನನ್ನ ನಿಯಮ. ಮಗಳ ಓದಿಗೆಂದು ತಂದ ಯಂತ್ರ ಅದು. ಮಗಳು ಕಲಬುರಗಿಯ ಹಾಸ್ಟೆಲ್ ಸೇರಿದ ಮೇಲೆ ನನ್ನ ವಶಕ್ಕೆ ಬಂತು. ಅದರ ಮೇಲೆ ನಾನು ನಿಗಾ ಇಡುವ ರೀತಿಯೇ ಬೇರೆ. ಹದಿನೈದು ದಿನಕ್ಕೊಮ್ಮೆ ಡಬ್ಬಿ ಬಿಚ್ಚಿ, ಹಳೆಯ ಪೇಂಟಿಂಗ್ ಬ್ರಷ್ಷಿನಿಂದ ಧೂಳು ಹೊಡೆದು, ಊದಬತ್ತಿ ತೋರಿಸುವುದೊಂದು ಬಿಟ್ಟು ಉಳಿದೆಲ್ಲ ಸೇವೆ ಮಾಡುತ್ತೇನೆ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ, ಬಂದಾಗ ಎಷ್ಟು ಜೋರಾಗಿ ಬರುತ್ತದೆ ಎಂದು ಹೇಳಲಾಗದ್ದರಿಂದ, ರಾತ್ರಿ ಗೋಡೆಯ ಬಟನ್ನನ್ನೇ ಬಂದ್ ಮಾಡಿಬಿಡುತ್ತೇನೆ. ಈ ಎಚ್ಚರಿಕೆಯ ಬಗ್ಗೆ ಕಚೇರಿಯಲ್ಲಿ ಹಲವು ಸಲ ಉಪನ್ಯಾಸವನ್ನೂ ಕೊಟ್ಟಿದ್ದೇನೆ.

ನನ್ನ ಹೆಂಡತಿ ಮಹಾದೇವಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹನ್ನೊಂದು ವರ್ಷಗಳಿಂದ ಅವಳ ಕೆಲಸ ಚಿಂಚೋಳಿ ತಾಲ್ಲೂಕಿನಲ್ಲಿ, ಚಂದ್ರಂಪಳ್ಳಿ ಕೆರೆಯಾಚೆಯ ಒಂದು ಹಳ್ಳಿಯಲ್ಲಿ. ವಾರವೆಲ್ಲ ಚಿಂಚೋಳಿಯ ಒಂದು ಬಾಡಿಗೆ ಖೋಲಿಯಲ್ಲಿ ಇರುತ್ತಾಳೆ. ಶನಿವಾರ ಬಸ್ಸು ಹಿಡಿದು ಸೇಡಂಗೆ ಬಂದು, ಅಲ್ಲಿಂದ ರೈಲೋ ಬಸ್ಸೋ ಯಾವುದು ಮೊದಲು ಬಂದರೆ ಅದನ್ನು ಹತ್ತಿ ಮನೆ ಸೇರುತ್ತಾಳೆ. ಭಾನುವಾರ ನನಗೆ ವಾರಕ್ಕಾಗುವಷ್ಟು ರೊಟ್ಟಿ ಬಡಿದು ಒಣಗಿಸಿಟ್ಟು, ಸೋಮವಾರ ನಸುಕಿನಲ್ಲಿ ಹೊರಡುತ್ತಾಳೆ. ಹನ್ನೊಂದು ವರ್ಷಗಳಲ್ಲಿ ನಮ್ಮ ದಾಂಪತ್ಯ ನಡೆದದ್ದು ಭಾನುವಾರಗಳಲ್ಲೇ. ಜಗಳಕ್ಕೂ ಪುರಸೊತ್ತಿಲ್ಲದೆ, ಶುರುವಾದದ್ದನ್ನು ಮುಂದಿನ ವಾರಕ್ಕೆ ಮುಂದೂಡಿದ್ದುಂಟು. ಕೋರ್ಟಿನವನಾದ ನನಗೆ ಮುಂದೂಡುವುದು ಹೊಸದಲ್ಲ. ಅವಳಿಗೆ ಮಾತ್ರ ಬೇಸರ ಬಂದಿತ್ತು.

ಕೊನೆಗೆ ಈ ವರ್ಷ ವರ್ಗಾವಣೆಯ ಪಟ್ಟಿಯಲ್ಲಿ ಅವಳ ಹೆಸರು ಬಂತು. ತನಗೆ ಬೇಕಾದ ಶಾಲೆಗಳನ್ನು ಆನ್‌ಲೈನಿನಲ್ಲಿ ಆರಿಸಿ ಕಳಿಸಬೇಕಿತ್ತು. ಭಾನುವಾರ ಸಂಜೆ ಐದಕ್ಕೆ ಕೊನೆ. ಹಳ್ಳಿಯಲ್ಲಿ ಸಿಗ್ನಲ್ ಇಲ್ಲ. ಫೋನಿನಲ್ಲಿ ತೆರೆದರೆ ಪುಟದ ಅರ್ಧ ಭಾಗ, ಅದರಲ್ಲೂ ಒತ್ತಬೇಕಾದ ಬಟನ್ ಇರುವ ಭಾಗ, ಪರದೆಯ ಆಚೆ ಹೋಗಿಬಿಡುತ್ತಿತ್ತು. ಹಾಗಾಗಿ ಮನೆಗೆ ಬಂದು ಕಂಪ್ಯೂಟರಿನಲ್ಲೇ ಮಾಡುವುದೆಂದು ತೀರ್ಮಾನಿಸಿದಳು. ನಾನು ಫೋನಿನಲ್ಲೇ ಅಭಯ ಕೊಟ್ಟೆ: ನೀ ಬಂದು ಕುಂದ್ರು ಸಾಕು, ಉಳಿದದ್ದು ನಂಗ ಬಿಡು.

ಹಾಗೆ ಅಭಯ ಕೊಟ್ಟ ಹುರುಪಿನಲ್ಲಿ ಗುರುವಾರ ಸಂಜೆ ಡಬ್ಬಿ ಬಿಚ್ಚಿ ವಿಶೇಷವಾಗಿ ಒರೆಸಿದೆ. ಶುಕ್ರವಾರ ಬೆಳಗ್ಗೆ ಚಾಲೂ ಮಾಡಿದರೆ ಒಂದೇ ಒಂದು ಪುಟ ತೆರೆಯಲಿಲ್ಲ. ಎಲ್ಲಿ ಒತ್ತಿದರೂ, ನಿಮ್ಮ ಸಂಪರ್ಕ ಸುರಕ್ಷಿತವಲ್ಲ ಎಂಬ ಅರ್ಥದ ದೊಡ್ಡಕ್ಷರದ ಇಂಗ್ಲಿಷ್ ವಾಕ್ಯ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಏನೋ ಇತ್ತು. ಸಂಪರ್ಕ ಎಂದ ಮೇಲೆ ವೈರು, ವೈರೆಂದ ಮೇಲೆ ಮಹೆಬೂಬ್. ಹೀಗೆ ಎರಡೇ ಹೆಜ್ಜೆಯಲ್ಲಿ ನಾನು ಅಪರಾಧಿಯನ್ನು ಪತ್ತೆಹಚ್ಚಿದೆ.

ಮಹೆಬೂಬ್ ನಮ್ಮ ಓಣಿಗೆ ನೆಟ್ಟಿನ ವೈರು ಎಳೆದು ನೋಡಿಕೊಳ್ಳುವವನು. ವಯಸ್ಸು ಐವತ್ತರ ಹತ್ತಿರ, ತೆಳ್ಳಗೆ. ಕಂಬ ಹತ್ತುವಾಗ ಕೆಳಗಿನವರೊಂದಿಗೆ ನಡೆಯುತ್ತಿದ್ದ ಮಾತನ್ನು ನಿಲ್ಲಿಸದ ಮನುಷ್ಯ. ಶುಕ್ರವಾರ ಸಂಜೆ ಬಂದ. ಕಂಬದಿಂದ ಬೇವಿನ ಮರದ ಮೇಲೆ ಹಾದು, ಮಾಳಿಗೆಯ ಫರಸಿ ಕಲ್ಲಿನ ಸಂದಿಯಿಂದ ಒಳಗಿಳಿಯುವ ವೈರನ್ನು ಉದ್ದಕ್ಕೂ ನೋಡಿದ. ನಂತರ ತನ್ನ ಫೋನನ್ನು ನಮ್ಮ ರೂಟರಿಗೇ ಜೋಡಿಸಿ, ಒಂದು ಪುಟ ತೆರೆದು ನನ್ನ ಮುಂದೆ ಹಿಡಿದ.

“ನೆಟ್ ಬರಾಕತ್ತದ್ರಿ ಸಾಹೇಬ್ರ,” ಎಂದ. “ಜರಾ ಕಂಪ್ಯೂಟರ್ ನೋಡ್ಲೇನ್ರಿ?”

ನನಗೆ ಅವಮಾನವಾಯಿತು. ಊರಿನ ಕಂಪ್ಯೂಟರುಗಳೆಲ್ಲ ನನ್ನ ಕೈಯಲ್ಲಿ ಗುಣವಾಗುವಾಗ, ನನ್ನ ಕಂಪ್ಯೂಟರನ್ನು ಕಂಬ ಹತ್ತುವವನು ನೋಡುವುದೇ? “ಮಹೆಬೂಬ್, ಕಂಪ್ಯೂಟರಿನ ಸುದ್ದಿ ನಂಗ ಬಿಡು. ನೀ ನಿನ್ನ ವೈರ್ ನೋಡು,” ಎಂದೆ. ಅವನು ಫೋನನ್ನು ಕಿಸೆಗೆ ಹಾಕಿಕೊಂಡು ಹೋದ. ಶನಿವಾರ ಬೆಳಗ್ಗೆ ಬಂದು, ಬೇವಿನ ಮರ ಹತ್ತಿ, ಕಂಬದಿಂದ ಮನೆಯವರೆಗೆ ಇಡೀ ವೈರನ್ನು ಹೊಸದಾಗಿ ಎಳೆದುಕೊಟ್ಟ. ಮರದ ಕೆಂಜಿರುವೆಗಳು ಅವನ ಕುತ್ತಿಗೆಗೆ ಮುತ್ತಿದ್ದವು. ಆದರೂ ನನ್ನ ಪರದೆಯ ಮೇಲೆ ಅದೇ ವಾಕ್ಯ. ಅವನು ಹೋದ ಅರ್ಧ ಗಂಟೆಯಲ್ಲಿ ನಾನು ನೆಟ್ ಕಂಪನಿಗೆ ಫೋನಿನಿಂದಲೇ ದೂರು ಕಳಿಸಿದೆ. ಇಪ್ಪತ್ತೆರಡು ವರ್ಷ ಕೋರ್ಟಿನ ಕಾಗದಗಳನ್ನು ನಕಲು ಮಾಡಿದ ಕೈ. ಭಾಷೆ ತಾನಾಗಿ ಹರಿಯಿತು. ‘ಸದರಿ ನೌಕರನು ಕರ್ತವ್ಯದಲ್ಲಿ ಉದ್ದೇಶಪೂರ್ವಕ ನಿರ್ಲಕ್ಷ್ಯ ತೋರಿ, ಸುಳ್ಳು ಸಮಾಧಾನದಿಂದ ಗ್ರಾಹಕನನ್ನು ವಂಚಿಸಿರುತ್ತಾನೆ.’ ಓದಿಕೊಂಡಾಗ ನನಗೇ ಮೆಚ್ಚುಗೆಯಾಯಿತು.

ಮಹಾದೇವಿ ಸಂಜೆ ಬಂದಳು. ವಿಷಯ ತಿಳಿದು, ಹಾಗಾದರೆ ಬಸ್‌ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಅಂಗಡಿಗೆ ಹೋಗೋಣ ಎಂದಳು. ಮನೆಯಲ್ಲಿ ಬಾವಿ ಇಟ್ಟುಕೊಂಡು ಪಕ್ಕದ ಮನೆಗೆ ಕೊಡ ಹಿಡಿದು ಹೋಗುವುದೇ ಎಂದು ನಾನು ತಡೆದೆ. ಭಾನುವಾರ ಬೆಳಗ್ಗೆಯಿಂದ ನನ್ನ ಚಿಕಿತ್ಸೆ ಶುರುವಾಯಿತು. ಬಂದ್ ಮಾಡಿದೆ, ಚಾಲೂ ಮಾಡಿದೆ. ವೈರಿನ ತುದಿಗೆ ಊದಿದೆ. ನಮ್ಮಪ್ಪ ರೇಡಿಯೋ ಕೆಟ್ಟಾಗ ಅದರ ಬೆನ್ನಿಗೆ ಒಂದು ಗುದ್ದು ಹಾಕುತ್ತಿದ್ದರು, ಅದು ಹೆದರಿ ಹಾಡುತ್ತಿತ್ತು; ಆ ವಂಶಪಾರಂಪರ್ಯದ ವಿದ್ಯೆಯನ್ನೂ ಪ್ರಯೋಗಿಸಿದೆ. ರೂಟರನ್ನು ಗೂಡಿನಲ್ಲಿದ್ದ ಬಸವಣ್ಣನ ಪಟದ ಪಕ್ಕಕ್ಕೆ ಏರಿಸಿದೆ. ಎತ್ತರದಲ್ಲಿದ್ದರೆ ಸಿಗ್ನಲ್ ಚೆನ್ನಾಗಿ ಬರುತ್ತದೆ ಎಂದು ಮಹಾದೇವಿಗೆ ವಿವರಿಸಿದೆ. ಅದಕ್ಕೆ ವೈರು ಇರುವಾಗ ಎತ್ತರ ಯಾಕೆ ಎಂದು ಅವಳು ಕೇಳಿದಳು. ಅದು ಒಳಗಿನ ವಿಷಯ ಎಂದೆ.

ಮಧ್ಯಾಹ್ನ ಬೇರೆ ದಾರಿ ಕಾಣದೆ ಮಹೆಬೂಬನಿಗೆ ಫೋನು ಮಾಡಿದೆ. ಅವನ ದನಿ ಎಂದಿನಂತೆ ಇರಲಿಲ್ಲ. “ದೂರು ಕೊಟ್ಟೀರಂತಲ್ರಿ ಸಾಹೇಬ್ರ,” ಎಂದ. “ನಾಳೆ ಶಹಾಬಾದಿನ ಆಫೀಸಿಗಿ ಬಾ ಅಂದಾರ. ಕೆಲಸಕ್ಕ ಇಡ್ತಾರೋ ತೆಗಿತಾರೋ ನೋಡ್ಬೇಕು.” ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನೋಡೋಣ ಎಂದೇನೋ ಹೇಳಿ ಫೋನಿಟ್ಟೆ. ಮಹಾದೇವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಡಿಯುವ ಸದ್ದು ಸ್ವಲ್ಪ ಜೋರಾಯಿತು.

ಮೂರೂವರೆಗೆ ಅವಳು ಕೈ ತೊಳೆದು ಬಂದು ನನ್ನ ಹಿಂದೆ ನಿಂತಳು. ಆನ್‌ಲೈನ್ ಅಂಗಡಿಗೆ ಫೋನು ಮಾಡಿ ಕೇಳಿದ್ದಳಂತೆ. ಅದು ಭಾನುವಾರ ಎರಡಕ್ಕೇ ಮುಚ್ಚುತ್ತದೆ. ನನ್ನ ಹೆಸರು ಉಳಿಸಿಕೊಳ್ಳಲು ಅವಳ ಇನ್ನೊಂದಿಷ್ಟು ವರ್ಷಗಳನ್ನು ಬಸ್ಸಿಗೆ ಬರೆದುಕೊಟ್ಟೆನೇನೋ ಅನ್ನಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸುತ್ತ ಕೂತೆ.

“ಇವತ್ತು ತಾರೀಖೇನ್ರಿ?” ಎಂದು ಕೇಳಿದಳು.

ಕೊನೆಯ ದಿನವೆಂದು ಚುಚ್ಚುತ್ತಿದ್ದಾಳೆ ಅಂದುಕೊಂಡೆ. ಅವಳು ನನ್ನ ಭುಜದ ಮೇಲಿಂದ ಕೈ ಚಾಚಿ ಪರದೆಯ ಕೆಳಗಿನ ಮೂಲೆಯನ್ನು ತೋರಿಸಿದಳು. ಅಲ್ಲಿ ಸಣ್ಣಗೆ ಜನವರಿ ಒಂದು ಎಂದಿತ್ತು. ವರ್ಷ ಮಾತ್ರ ಹನ್ನೆರಡು ವರ್ಷ ಹಿಂದಿನದು. ದಿನವೂ ಬೆಳಗ್ಗೆ ಕಪ್ಪುಹಲಗೆಯ ಮೂಲೆಯಲ್ಲಿ ಮೊದಲು ತಾರೀಖು ಬರೆದು ಆಮೇಲೆ ಪಾಠ ಶುರುಮಾಡುವವಳು ಅವಳು. ಯಾವ ಹಲಗೆ ಕಂಡರೂ ಅವಳ ಕಣ್ಣು ಮೊದಲು ಹೋಗುವುದು ಮೂಲೆಗೆ.

“ಇದರ ಲೆಕ್ಕದಾಗ ನಾ ಇನ್ನಾ ಚಿಂಚೋಳಿಗಿ ಹೋಗೇ ಇಲ್ಲ,” ಎಂದಳು. “ವರ್ಗ ಯಾಕ ಬೇಕು ಅಂತ ಕೇಳಾಕತ್ತದ.”

ಆಗ ಮೊದಲ ಬಾರಿಗೆ ನಾನು ಆ ದೊಡ್ಡ ವಾಕ್ಯದ ಕೆಳಗಿನ ಸಣ್ಣಕ್ಷರವನ್ನು ಓದಿದೆ. ನಿಮ್ಮ ಕಂಪ್ಯೂಟರಿನ ಗಡಿಯಾರ ಹಿಂದಿದೆ, ಅದನ್ನು ಸರಿಪಡಿಸಿ ಎಂದು ಅದು ಮೂರು ದಿನಗಳಿಂದ ಸಭ್ಯವಾಗಿ ಹೇಳುತ್ತಲೇ ಇತ್ತು. ಸಹಿ ಮಾಡುವ ಮುಂಚೆ ಕೆಳಗಿನ ಸಣ್ಣಕ್ಷರ ಓದ್ರಿ ಎಂದು ಕಕ್ಷಿದಾರರಿಗೆ ದಿನಕ್ಕೆ ಹತ್ತು ಸಲ ಹೇಳುವವನು ನಾನು. ಆದದ್ದಿಷ್ಟು: ಕರೆಂಟಿಲ್ಲದಾಗಲೂ ಗಡಿಯಾರ ನಡೆಸಲು ಡಬ್ಬಿಯೊಳಗೆ ನಾಣ್ಯದಷ್ಟು ದೊಡ್ಡ ಒಂದು ಸೆಲ್ ಇರುತ್ತದೆ. ಅದು ಮುದಿಯಾಗಿ ಆ ವಾರವೇ ಸತ್ತಿತ್ತು. ನಾನು ರಾತ್ರಿ ಗೋಡೆಯ ಬಟನ್ ಬಂದ್ ಮಾಡಿದಾಗಲೆಲ್ಲ ಗಡಿಯಾರ ತಾನು ಹುಟ್ಟಿದ ದಿನಕ್ಕೆ ಮರಳುತ್ತಿತ್ತು. ಎಲ್ಲರಿಗೂ ವರ್ಷಕ್ಕೊಮ್ಮೆ ಹೊಸ ವರ್ಷವಾದರೆ ನಮ್ಮ ಕಂಪ್ಯೂಟರಿಗೆ ದಿನಾ ಬೆಳಗ್ಗೆ. ಅಷ್ಟು ಹಳೆಯ ತಾರೀಖು ಹೇಳುವವರನ್ನು ಯಾವ ಪುಟವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ತಾರೀಖು ಸರಿಮಾಡಿದೆ. ಪುಟ ತಟ್ಟನೆ ತೆರೆಯಿತು. ಮಹಾದೇವಿ ಕುರ್ಚಿಯಲ್ಲಿ ಕೂತು, ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ನೋಡುವಂತೆ ಒಂದೊಂದೇ ಶಾಲೆಯನ್ನು ಬೆರಳಿಟ್ಟು ಓದಿದಳು. ಮೊದಲಿಗೆ ಚಿತ್ತಾಪುರ, ಎರಡನೆಯದಕ್ಕೆ ವಾಡಿ, ಮೂರನೆಯದಕ್ಕೆ ಶಹಾಬಾದ್. ಕಳಿಸುವ ಬಟನ್ ಒತ್ತುವ ಮುಂಚೆ ಅವಳ ಬೆರಳು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಅದನ್ನು ನಾನು ನೋಡಿದೆ. ನೋಡಿಲ್ಲವೆಂಬಂತೆ ವೈರು ಸರಿಪಡಿಸುತ್ತಿದ್ದೆ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ತಿಂಗಳು ಕಳೆದ ಮೇಲೆ ಅವಳಿಗೆ ವಾಡಿ ಸಿಕ್ಕಿತು. ಈಗ ದಿನಾ ಸಂಜೆ ಮನೆಗೆ ಬರುತ್ತಾಳೆ, ನಾವು ಜಗಳವನ್ನು ಅಂದಂದೇ ಮುಗಿಸುತ್ತೇವೆ.

ಆದರೆ ಆ ಭಾನುವಾರ ಇನ್ನೂ ಮುಗಿದಿರಲಿಲ್ಲ. ಮಹೆಬೂಬನಿಗೆ ಫೋನಿನಲ್ಲಿ, ಸರಿಹೋಯಿತು, ಏನೋ ಒಳಗಿನ ಪ್ರಾಬ್ಲಮ್ ಇತ್ತು ಎಂದು ಹೇಳಿ ಮುಗಿಸಬೇಕೆಂದಿದ್ದೆ. ಮಹಾದೇವಿ ನನ್ನ ಚಪ್ಪಲಿ ತಂದು ಮುಂದೆ ಇಟ್ಟಳು. ಅವನ ಮನೆ ಎರಡು ಓಣಿ ಆಚೆ. ಹೋದಾಗ ಅವನು ಅಂಗಳದಲ್ಲಿ ಕೂತು ವೈರಿನ ಸುರುಳಿ ಸುತ್ತುತ್ತಿದ್ದ. ಕುತ್ತಿಗೆಯ ಮೇಲೆ ಇರುವೆ ಕಚ್ಚಿದ ಗುರುತು ಇನ್ನೂ ಕೆಂಪಗೆ ಇತ್ತು. ಕುಂದ್ರಿ ಎಂದು ಕುರ್ಚಿ ಸರಿಸಿ ಒಳಗೆ ಚಹಾಕ್ಕೆ ಹೇಳಿದ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಪೀಠಿಕೆಯೆಲ್ಲ ಮರೆತು, ತಪ್ಪು ನನ್ನದು, ತಾರೀಖು ಕೆಟ್ಟಿತ್ತು ಎಂದಷ್ಟೇ ಹೇಳಿದೆ.

ಅವನು ಸುರುಳಿ ಸುತ್ತುವುದನ್ನು ನಿಲ್ಲಿಸಲಿಲ್ಲ. “ತಾರೀಖು ಶುಕ್ರವಾರನೇ ಕಂಡಿತ್ರಿ ನಂಗ,” ಎಂದ. “ಕಂಪ್ಯೂಟರಿನ ಸುದ್ದಿ ಬ್ಯಾಡ ಅಂದ್ರಿ. ದೊಡ್ಡವ್ರಿಗಿ ಎರಡನೇ ಸಲ ಹೆಂಗ ಹೇಳ್ಲಿ?”

ಹಾಗಾದರೆ ಕೆಂಜಿರುವೆಯ ಮರ ಯಾಕೆ ಹತ್ತಿದೆ ಎಂದು ಕೇಳಿದೆ. ನೀವು ವೈರ್ ನೋಡು ಅಂದಿರಿ, ನೋಡಿದೆ ಎಂದ. ಚಹಾ ಬಂತು. ಆ ಚಹಾ ಕುಡಿದಷ್ಟು ನಿಧಾನವಾಗಿ ನಾನು ಯಾವ ಚಹಾವನ್ನೂ ಕುಡಿದಿಲ್ಲ.

ಮನೆಗೆ ಬಂದವನೇ ದೂರು ಹಿಂಪಡೆಯಲು ಕೂತೆ. ಪುಟ ಕಾರಣ ಕೇಳಿತು: ವೈರು ತುಂಡಾಗಿತ್ತು, ರೂಟರ್ ಕೆಟ್ಟಿತ್ತು, ವಿದ್ಯುತ್ ಇರಲಿಲ್ಲ, ಇತರೆ. ಹಿಂದೆ ನಿಂತಿದ್ದ ಮಹಾದೇವಿ ಇತರೆ ಒತ್ತಲು ಹೇಳಿದಳು. ವಿವರಿಸಿ ಎಂದು ಖಾಲಿ ಜಾಗ ತೆರೆಯಿತು. ಶನಿವಾರ ಅಷ್ಟು ಧಾರಾಳವಾಗಿ ಹರಿದಿದ್ದ ನನ್ನ ಕೋರ್ಟಿನ ಭಾಷೆ ಈಗ ಬತ್ತಿಹೋಗಿತ್ತು. ಬಹಳ ಹೊತ್ತು ಯೋಚಿಸಿ ಬರೆದೆ: ‘ಸಂಪರ್ಕವೂ ನೌಕರನೂ ಸರಿಯಾಗಿದ್ದು, ದೂರುದಾರನೇ ಕೆಟ್ಟಿದ್ದನು. ಈಗ ಸರಿಪಡಿಸಲಾಗಿದೆ.’

ಕಳಿಸಿದ ಎರಡೇ ನಿಮಿಷಕ್ಕೆ ಉತ್ತರ ಬಂತು. ಸಮಸ್ಯೆ ಬಗೆಹರಿದದ್ದಕ್ಕೆ ಸಂತೋಷ, ದುರಸ್ತಿ ತೃಪ್ತಿಕರವಾಗಿದೆಯೇ ಎಂದು ಕೇಳಿದ್ದರು. ನಾನು ಹೌದು ಎಂದು ಒತ್ತಲು ಹೊರಟಿದ್ದೆ. ಮಹಾದೇವಿ ನನ್ನ ಕೈ ಹಿಡಿದಳು.

“ಇಷ್ಟ್ ಲಗೂ ಹೂಂ ಅನಬ್ಯಾಡ್ರಿ,” ಎಂದಳು. “ಒಂದ್ ತಿಂಗಳು ನೋಡಮು.”