ಅಳುವ ಪಾಳಿ

ನಗುವುದನ್ನು ಕಲಿಸುವ ಕ್ಲಬ್ಬುಗಳು ಈಗ ನಿಪ್ಪಾಣಿ, ಅಥಣಿಗಳಲ್ಲೂ ಇವೆಯಂತೆ. ಮುಂಜಾನೆ ಮೈದಾನದಲ್ಲಿ ಸಾಲಾಗಿ ನಿಂತು ಹಾ ಹಾ ಎನ್ನುತ್ತಾರಂತೆ. ಇರಲಿ ಬಿಡಿ. ಆದರೆ ಅಳುವುದಕ್ಕೆ ತರಬೇತಿ ಕೊಡುವ ಮನುಷ್ಯ ಇಡೀ ಕೃಷ್ಣೆಯ ದಂಡೆಯಲ್ಲಿ ಒಬ್ಬರೇ ಒಬ್ಬರು. ಅವರು ಶಿರಗುಪ್ಪಿಯಲ್ಲಿದ್ದಾರೆ, ಕಬ್ಬು ಬೆಳೆಯುತ್ತಾರೆ, ಮತ್ತು ಏನು ಮಾಡಲಿ, ನನ್ನ ಸ್ವಂತ ಕಾಕಾ ಆಗಿದ್ದಾರೆ!

ಕಾಕಾಗೆ ಗೊತ್ತಿಲ್ಲದ ವಿಷಯವಿಲ್ಲ. ಗೊತ್ತಿಲ್ಲದಿದ್ದರೂ ಅಭಿಪ್ರಾಯವಂತೂ ಇದ್ದೇ ಇರುತ್ತದೆ. ಮನೆಯಲ್ಲಿ ಮೊಬೈಲಿಗೆ ರೇಂಜ್ ಸಿಗದಿದ್ದರೆ ಅದನ್ನು ಹಗ್ಗಕ್ಕೆ ಕಟ್ಟಿ ಮರಕ್ಕೆ ಏರಿಸಿ, ಕೆಳಗೆ ನಿಂತು ಕೂಗಿ ಮಾತಾಡುತ್ತಾರೆ. ಆ ಕಡೆಯವರಿಗೆ ಫೋನಿಲ್ಲದೆಯೇ ಕೇಳಿಸುತ್ತದೆ! ಇಂಥವರ ಕೈಗೆ ನನ್ನ ಮಗಳು ಶ್ರಾವಣಿ ಸಿಕ್ಕಿದ್ದು ಹೋದ ಬೇಸಿಗೆಯಲ್ಲಿ.

ಶ್ರಾವಣಿಗೆ ನಾಟಕದ ಹುಚ್ಚು. ಅದರ ಹಿಂದಿನ ವರ್ಷ ಚಿಕ್ಕೋಡಿಯ ಮಕ್ಕಳ ನಾಟಕ ಶಿಬಿರಕ್ಕೆ ಕುಣಿಯುತ್ತ ಹೋದವಳು, ಮರುದಿನವೇ ಅತ್ತು ಅತ್ತು ಮುಖ ಊದಿಸಿಕೊಂಡು ನನ್ನ ಬೈಕಿನ ಹಿಂದೆ ಕೂತು ವಾಪಸು ಬಂದಿದ್ದಳು. ಓಣಿಯ ಹುಡುಗರು ಅದರ ಮೇಲೆ ಹಾಡು ಕಟ್ಟಿದರು. ಆದರೂ ಹಟ ಹಿಡಿದು ಮತ್ತೆ ಹೆಸರು ಹಚ್ಚಿದಳು. ಕೊನೆಯ ದಿನದವರೆಗೆ ಉಳಿದರೆ ನರಿಯ ಪಾತ್ರ. "ಈ ಸಲಾನೂ ಓಡಿ ಬಂದ್ರ, ಮುಂದ ನಾಟಕದ ಹೆಸರ ತಗಿಯೂದಿಲ್ಲ ಪಪ್ಪಾ" ಎಂದಳು. ಹಾಗೆನ್ನುವಾಗಲೇ ಅವಳ ಗದ್ದ ನಡುಗುತ್ತಿತ್ತು. ನನಗೆ ಹೆದರಿಕೆಯಾಯಿತು. ಕಾಕಾಗೆ ಹುರುಪು ಬಂತು.

"ಅಳು ಅಂದ್ರ ಬಾವ್ಯಾನ ನೀರ ಇದ್ದಂಗ" ಎಂದು ಘೋಷಿಸಿದರು. "ಇಲ್ಲೇ ಮೋಟರ್ ಹಚ್ಚಿ ಎತ್ತಿ ತಳಾ ಕಾಣಸ್ತೀನಿ. ಆಮ್ಯಾಲ ಕ್ಯಾಂಪಿನ್ಯಾಗ ಏನ ಅಳತಾಳ, ಮಣ್ಣ?"

ರೊಟ್ಟಿ ಬಡಿಯುತ್ತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿನಿಂದಲೇ ಅಂದರು: "ಒಕ್ಕಲುತನ ಮಾಡಿ ಮುದುಕ ಆದ್ರಿ. ಎತ್ತಿದ ಬಾವಿ ಮುಂಜಾನಿಗೆ ಮತ್ತ ತುಂಬತೈತಿ, ಅಷ್ಟೂ ಗೊತ್ತಿಲ್ಲೇನ್ರಿ?"

"ಅದಕ್ಕ ದಿನಾ ಎತ್ತಬೇಕು ಅಂತೀನಿ!"

ವಾದದಲ್ಲಿ ಕಾಕಾ ಸೋತದ್ದನ್ನು ಯಾರಾದರೂ ಕಂಡಿದ್ದೀರಾ? ಸೋತಿರುತ್ತಾರೆ, ಅವರಿಗೆ ತಿಳಿಯುವುದಿಲ್ಲ ಅಷ್ಟೇ.

ಬೇಸಿಗೆಯಲ್ಲಿ ನಮ್ಮ ಕಡೆ ಕಬ್ಬಿಗೆ ನೀರು ಪಾಳಿಯ ಮೇಲೆ. ಪಾಳಿ ತಪ್ಪಿಸಿ ನೀರು ತಿರುಗಿಸಿಕೊಂಡವನಿಗೆ ಕಳ್ಳ ಎಂದೇ ಹೆಸರು. ಅಳುವಿಗೂ ಅದೇ ಕಾನೂನು ಬಂತು. ಸಂಜೆ ಎಮ್ಮೆ ಹಿಂಡಿದ ಮೇಲೆ, ಊಟಕ್ಕೆ ಮೊದಲು, ಶ್ರಾವಣಿ ಕಟ್ಟೆಯ ಮೇಲೆ ಕೂತು ಮನಸ್ಸು ತುಂಬ ಅಳಬೇಕು. ಆಮೇಲೆ ಮುಖ ತೊಳೆದು ಆಡಬೇಕು. ಪಾಳಿ ಬಿಟ್ಟು ಬೇರೆ ಹೊತ್ತಿನಲ್ಲಿ ಅತ್ತರೆ ಕಳವಿನ ಲೆಕ್ಕ!

ಮೊದಲ ದಿನ ಅವಳಿಗೆ ಅಳುವೇ ಬರಲಿಲ್ಲ. ಕಾಕಾ ಧ್ವನಿ ತಗ್ಗಿಸಿ, "ನೀ ಚಿಕ್ಕೋಡ್ಯಾಗ ಇರ್ತಿ. ಇಲ್ಲಿ ಕರಾ ನಿನ್ನ ಹಾದಿ ನೋಡತೈತಿ…" ಎಂದು ಶುರು ಮಾಡಿದರು. ಕರು ಅದೇ ಹೊತ್ತಿಗೆ ಅವರ ಧೋತರದ ಚುಂಗು ಬಾಯಲ್ಲಿ ಹಾಕಿಕೊಂಡಿತು. ಹುಡುಗಿ ಬಿದ್ದು ಬಿದ್ದು ನಕ್ಕಳು. ಒಂಟಿಯಾಗಿ ಅಳುವುದು ಕಷ್ಟ ಎಂದು ಕಾಕಾ ಮರುದಿನ ಓಣಿಯ ಹುಡುಗರನ್ನೆಲ್ಲ ಚುರುಮುರಿಯ ಆಸೆ ತೋರಿಸಿ ಕರೆತಂದರು. ಹಾಡು ಕಟ್ಟಿದ್ದವರೇ ಬಂದು ಕೂತು ಒಕ್ಕೊರಲಿನಿಂದ ಸೂರು ಹಾರುವಂತೆ ಅತ್ತರು.

ಆಗಬಾರದ್ದು ಆಯಿತು. ಮಗ್ಗಲುಮನೆಯ ಚಂದ್ರವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, "ಎಲ್ಲಿ ಹೋದ್ಯೋ ನನ್ನಣ್ಣಾ! ನಿನ್ನ ಕಬ್ಬ ಕಡಸವ್ರ ಯಾರೋ!" ಎಂದು ಎದೆ ಬಡಿದುಕೊಳ್ಳುತ್ತ ಓಡಿ ಬಂದರು. ಬಂದು ನೋಡಿದರೆ ಸತ್ತ ಅಣ್ಣ, ನಮ್ಮ ಕಾಕಾ, ಕುರ್ಚಿಯ ಮೇಲೆ ಕೂತು ಗಡಿಯಾರ ನೋಡುತ್ತಿದ್ದಾರೆ!

"ಅಯ್ಯ, ಮತ್ತ ಯಾರ ಹೋಗ್ಯಾರ?"

"ಯಾರೂ ಹೋಗಿಲ್ಲ, ಚಂದ್ರವ್ವಾ. ಇನ್ನ ಹೋಗೂದೈತಿ. ಶುಕ್ರವಾರ, ಚಿಕ್ಕೋಡಿಗೆ!"

ಚಂದ್ರವ್ವ ಸೆರಗು ತಲೆಯಿಂದ ಇಳಿಸಿದರು. ಆಮೇಲೆ, "ಹೆಂಗೂ ಬಂದೀನಿ, ಸುರೂನೂ ಮಾಡೀನಿ, ಅತ್ತ ಹೋಗತೀನಿ ತಗೋ" ಎಂದು ಹುಡುಗರ ನಡುವೆ ಕೂತು ತಮ್ಮ ಯಾವುದೋ ಹಳೆಯ ದುಃಖವನ್ನು ಚೊಕ್ಕಟವಾಗಿ ಅತ್ತು ಮುಗಿಸಿ, ಚಹಾ ಕುಡಿದು ಹೋದರು. ಮರುದಿನವೂ ಬಂದರು!

ಶುಕ್ರವಾರ ಶ್ರಾವಣಿ ಹೋದಳು. ಮೊದಲ ದಿನ ಫೋನಿಲ್ಲ, ಮರುದಿನವೂ ಇಲ್ಲ. ಕಾಕಾ ಊರೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದರು. ಮುಂದಿನ ವಾರ ಶಿಬಿರದ ಮಾಸ್ತರರ ಫೋನು ಬಂತು: "ನಿಮ್ಮ ಹುಡುಗಿ ವಿಷಯ ಮಾತಾಡೂದೈತ್ರಿ. ಒಂದೀಟ ಬಂದ ಹೋಗ್ರಿ." ನಾನು ಬೈಕ್ ತೆಗೆದೆ, ಕಾಕಾ ಹಿಂದೆ ಹತ್ತಿ ಕೂತರು. ಹೊಳೆಯ ಸೇತುವೆ ದಾಟುವವರೆಗೂ ಕಾಕಾ, "ಅಳು ಇರಾಕ ಸಾಧ್ಯ ಇಲ್ಲ, ಖಾಲಿ ಮಾಡಿ ಕಳಿಸೀನಿ. ಜ್ವರಾ ಇರಬೇಕು" ಎನ್ನುತ್ತಲೇ ಇದ್ದರು. ಜ್ವರ ಬಂದಿರಲಿ ಎಂದು ಆಸೆಪಡುವ ಅಜ್ಜನನ್ನು ಮತ್ತೆಲ್ಲಿ ಹುಡುಕುತ್ತೀರಿ?

ನಾವು ಮುಟ್ಟಿದಾಗ ಸಂಜೆಯಾಗಿತ್ತು. ಶಾಲೆಯ ಹಿಂದಿನ ಕಟ್ಟೆಯ ಮೇಲೆ ಹತ್ತಾರು ಮಕ್ಕಳು ಗೊಳೋ ಎಂದು ಅಳುತ್ತಿದ್ದರು. ನಡುವೆ ನನ್ನ ಮಗಳು, ಕಣ್ಣು ಕೆಂಪು, ಕೈ ಬೆನ್ನ ಹಿಂದೆ. "ಸಾಕ್ರಿನ್ನ. ಪಾಳಿ ಮುಗೀತು. ಮಾರಿ ತೊಳ್ಕೊಂಡ ತಾಲೀಮಿಗೆ ನಡೀರಿ!" ಎಂದಳು.

ಮಾಸ್ತರರು ನಗುತ್ತ ಬಂದರು. "ಮೊದ್ಲ ಊಟಕ್ಕ ಕುಂತ್ರ ಅಳೂದು, ತಾಲೀಮಿಗೆ ನಿಂತ್ರ ಅಳೂದು. ಈಗ ಸಂಜಿಗೆ ಒಮ್ಮೆ ಅತ್ತ ಬರ್ತಾರ, ದಿನಪೂರ್ತಿ ಆರಾಮ ಇರ್ತಾರ. ಇದನ್ನ ಕಲಿಸಿದ ಅಜ್ಜಾರ್ನ ನೋಡಬೇಕಿತ್ರಿ."

"ನೀನೂ ಅಳತಿಯೇನವ್ವಾ?" ಎಂದೆ.

"ದಿನಾ ಅಳತೀನಿ ಪಪ್ಪಾ. ಆಮ್ಯಾಲ ನರಿ ಆಗತೀನಿ."

ಈಗ ಕಾಕಾ ಭಾಷಣ ಬಿಗಿಯುತ್ತಾರೆಂದು ನಾನು ಕಾದೆ. ಅವರು ಬಾಯಿ ತೆರೆದರು, ಧ್ವನಿ ಬರಲಿಲ್ಲ. ಇನ್ನೊಮ್ಮೆ ತೆರೆದರು. "ನೀ ಇಲ್ದ… ಮನ್ಯಾಗ ಸಂಜೀನ ಮುಗೀವಲ್ದವ್ವಾ" ಎಂದರು, ಅಷ್ಟೇ. ಆ ಮನುಷ್ಯನ ಬಾಯಲ್ಲಿ ಮಾತು ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಶ್ರಾವಣಿ ಅವರ ಮುಖ ನೋಡಿದಳು. ತಾಲೀಮಿನ ಗಂಟೆ ಹೊಡೆಯಿತು, ಮಕ್ಕಳೆಲ್ಲ ಒಳಗೆ ಓಡಿದರು. ಇವಳು ಓಡಲಿಲ್ಲ. ಅಜ್ಜನ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿ, ತಾನೂ ಪಕ್ಕದಲ್ಲಿ ಕೂತು, ಬೆನ್ನು ಸವರುತ್ತ ಹೇಳಿದಳು:

"ಅಳು ಅಜ್ಜಾ. ಗಡಿಬಿಡಿ ಮಾಡಬ್ಯಾಡ. ಹೊಸಬರಿಗೆ ಮೊದಲ್ನೇ ದಿನ ಜಾಸ್ತಿ ಟೈಮ್ ಕೊಡತೀವಿ."